ಕೋಟು ಉಣ್ಣುವ ಪಾಲು

ಗೋಣಿಯಲ್ಲಿ ಕಟ್ಟಿದ ಹೊಗೆಸೊಪ್ಪಿನ ಬೇಲುಗಳನ್ನು ತೂಗುವ ತಕ್ಕಡಿಯ ಮೇಲೆ, ಬೆಂಕಿ ಆರಿಸುವ ಕೆಲಸ ಕಲಿಸಲು ಬಂದ ಕರಿಯಪ್ಪನವರು ನನ್ನನ್ನು ಮೊದಲು ಸಾದಾ ಬಟ್ಟೆಯಲ್ಲಿ ನಿಲ್ಲಿಸಿದರು. ನಲವತ್ತೊಂಬತ್ತು ಕೆಜಿ. ಆಮೇಲೆ ಕಂಬಳಿಗಿಂತ ದಪ್ಪನೆಯ ಕೋಟು, ಅದೇ ಬಟ್ಟೆಯ ಪ್ಯಾಂಟು, ಮೊಣಕಾಲುದ್ದದ ಬೂಟು, ಹೆಲ್ಮೆಟ್ಟು, ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರು, ಮುಖಕ್ಕೆ ಮಾಸ್ಕು, ಎಲ್ಲ ಏರಿಸಿ ಮತ್ತೆ ನಿಲ್ಲಿಸಿದರು. ಎಪ್ಪತ್ತೆರಡು.

ಗ್ರೇಡಿಂಗ್ ಹಾಲಿನ ಬಾಗಿಲಲ್ಲಿ ನಿಂತಿದ್ದ ಚಿಕ್ಕಬಸಮ್ಮ ಸುಮ್ಮನಿರಲಿಲ್ಲ. "ಮದ್ವೆ ದಿನ ಸೀರೆ, ಒಡವೆ, ಹೂವು ಎಲ್ಲಾ ಏರ್ಸಿದ್ರೂ ನೀ ಇಷ್ಟು ತೂಗಿರ್ನಿಲ್ಲ ಕಣಮ್ಮಿ ಮಿತ್ರಾ!"

ನನ್ನ ಹೆಸರು ಸಂಘಮಿತ್ರ. ಕಂಪಲಾಪುರದ ಹತ್ತಿರದ ಈ ಎಲೆ ಕಂಪನಿಯಲ್ಲಿ ಆರು ವರ್ಷದಿಂದ ಗ್ರೇಡಿಂಗ್ ಮಾಡುತ್ತಿದ್ದೇನೆ. ಬ್ಯಾರನ್ ಎನ್ನುವ ಬಿಸಿಮನೆಯಲ್ಲಿ ಬೇಯಿಸಿ ಒಣಗಿಸಿದ ಎಲೆಯನ್ನು ಬಣ್ಣ ನೋಡಿ ಬೇರೆ ಮಾಡುವ ಕೆಲಸ. ಚಿಕ್ಕಬಸಮ್ಮ ನನ್ನ ಪಕ್ಕದ ಮೇಜಿನವಳು, ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಬಾಯಲ್ಲಂತೂ ಇಡೀ ಹಾಲಿಗೇ ದೊಡ್ಡವಳು.

ಕಂಪನಿಯವರು ತಮ್ಮದೇ ಬೆಂಕಿ ಆರಿಸುವ ತಂಡ ಮಾಡಿಕೊಳ್ಳಬೇಕೆಂದು ಆ ವರ್ಷ ತೀರ್ಮಾನಿಸಿದರು. ಗೋದಾಮಿನ ತುಂಬ ಒಣ ಎಲೆ, ಊರಿನಿಂದ ಬೆಂಕಿ ಗಾಡಿ ಬರುವಷ್ಟರಲ್ಲಿ ಬೂದಿಯೂ ಉಳಿಯುವುದಿಲ್ಲ. ಮೂವತ್ತು ವರ್ಷ ಅಗ್ನಿಶಾಮಕ ಕೆಲಸ ಮಾಡಿ ನಿವೃತ್ತರಾದ ಪಿರಿಯಾಪಟ್ಟಣದ ಕರಿಯಪ್ಪನವರನ್ನು ಕಲಿಸಲು ಕರೆಸಿದರು. ನೋಟೀಸ್ ಬೋರ್ಡಿನಲ್ಲಿ 'ಆಸಕ್ತರು ಹೆಸರು ಕೊಡಿ' ಎಂದಿತ್ತು. ಗಂಡಸರು ಎಂದು ಬರೆದಿರಲಿಲ್ಲ. ನಾನು ಕೊಟ್ಟೆ.

ನಮ್ಮ ಮೇಸ್ತ್ರಿ ಸ್ವಾಮಿ ಪಟ್ಟಿ ಓದಿ ಎರಡು ಸಲ ಕಣ್ಣುಜ್ಜಿಕೊಂಡರು. "ಏನವ್ವಾ, ಬೆಂಕಿ ಆರ್ಸಕ್ಕೋ, ಅಚ್ಚಕ್ಕೋ?"

"ಒಲೆ ದಿನಾ ಅಚ್ತೀನಿ ಮೇಸ್ತ್ರಿ. ಆರ್ಸೋದೂ ಕಲಿಯಾಣ ಅಂತ."

ನಗೆಯಾಡಿ ಹೇಳಿದೆ. ಒಳಗೆ ನಗೆ ಇರಲಿಲ್ಲ. ಗ್ರೇಡಿಂಗ್ ಕೆಲಸ ವರ್ಷಪೂರ್ತಿ ಇರುವುದಿಲ್ಲ. ಹರಾಜು ಮುಗಿಯುತ್ತಿದ್ದಂತೆ ನಮ್ಮನ್ನು ಕಳಿಸಿಬಿಡುತ್ತಾರೆ. ಆಮೇಲೆ ಕೊಡಗಿನ ತೋಟಕ್ಕೆ ಮೆಣಸು ಕೊಯ್ಯಲು ಹೋಗಿ, ಮೂರು ತಿಂಗಳು ಅಲ್ಲಿಯ ಕೂಲಿಯವರ ಲೈನ್‌ಮನೆಯಲ್ಲಿ ಇದ್ದು ಬರಬೇಕು. ಮಗಳು ನಂದಿತಾ ಎರಡನೇ ಕ್ಲಾಸು, ಅತ್ತೆಯ ಹತ್ತಿರ ಬಿಟ್ಟು ಹೋಗುತ್ತೇನೆ. ಗಂಡ ಗೂಡ್ಸ್ ಗಾಡಿ ಓಡಿಸುತ್ತಾ ಅರ್ಧ ವಾರ ಊರಲ್ಲೇ ಇರುವುದಿಲ್ಲ. ಕಳೆದ ವರ್ಷ ನಾನು ವಾಪಸ್ಸು ಬಂದಾಗ ಮಗಳ ಮುಂದಿನ ಎರಡು ಹಲ್ಲು ಬಿದ್ದು ಹೊಸವು ಬಂದಿದ್ದವು. ಬಿದ್ದದ್ದನ್ನೂ ನೋಡಲಿಲ್ಲ, ಬಂದದ್ದನ್ನೂ ನೋಡಲಿಲ್ಲ. ಬೆಂಕಿ ತಂಡದ ಕೆಲಸ ಹನ್ನೆರಡು ತಿಂಗಳದು. ಸಿಕ್ಕಿದರೆ ಮನೆಯಲ್ಲೇ ಇರಬಹುದು. ನನಗೆ ಬೇಕಾದದ್ದು ಅಷ್ಟೇ.

ಬೇಕಾದವರು ನಾಲ್ವರು. ಹೆಸರು ಕೊಟ್ಟವರು ಏಳು ಜನ, ಅವರಲ್ಲಿ ಹೆಂಗಸು ನಾನೊಬ್ಬಳೇ.

ಮೊದಲ ದಿನ ಕರಿಯಪ್ಪನವರು ನಮಗೆ ಪೈಪು ಮುಟ್ಟಲೂ ಬಿಡಲಿಲ್ಲ. ಹಂಪಾಪುರದ ಕಬಡ್ಡಿ ಆಟಗಾರ ಕಾಂತರಾಜನನ್ನು ಮುಂದೆ ಕರೆದರು. ಎತ್ತಿನಂಥ ಆಳು, ಎರಡು ಬೇಲುಗಳನ್ನು ಒಟ್ಟಿಗೆ ಎತ್ತುವವನು. ಸಾದಾ ಬಟ್ಟೆಯಲ್ಲಿ ಗೋದಾಮಿನ ಸುತ್ತ ಹತ್ತು ನಿಮಿಷ ನಿಧಾನಕ್ಕೆ ನಡೆಸಿ, ಕೈ ಹಿಡಿದು ನಾಡಿ ಎಣಿಸಿದರು. ತೊಂಬತ್ತೆರಡು. ಸ್ವಲ್ಪ ಕೂರಿಸಿ, ಪೂರಾ ಉಡುಪು ಹಾಕಿಸಿ, ಅದೇ ದಾರಿಯಲ್ಲಿ ಅದೇ ಹತ್ತು ನಿಮಿಷ ನಡೆಸಿದರು. ನೂರಾ ನಲವತ್ತು.

"ಏನ್ಲಾ ಮಾಡ್ದೆ ಈಗ?" ಎಂದು ಕೇಳಿದರು.

"ಏನಿಲ್ಲ ಸಾ, ಸುಮ್ನೆ ನಡುದ್ನಲ್ಲ," ಎಂದ ಕಾಂತರಾಜ. ಕೆನ್ನೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಸುಮ್ನೆ ನಡೆದಿದ್ದಕ್ಕೆ ನಿನ್ನೆದೆ ಗುಡ್ಡ ಅತ್ತಿದಂಗೆ ಒಡ್ಕತಾ ಅದೆ. ಕೇಳ್ರಪ್ಪಾ, ಕೇಳವ್ವಾ. ನೀವು ಒಂದು ಮುದ್ದೆ ಉಂಡ್ರೆ ಅರ್ಧ ಮುದ್ದೆ ಈ ಕೋಟೇ ಉಣ್ತದೆ. ಹೊರಗಿನ ಬೆಂಕೀನ ಒಳಿಕ್ಕೆ ಬುಡಲ್ಲ, ನಿಜ. ಒಳಗಿನ ಸೆಕೇನೂ ಹೊರಿಕ್ಕೆ ಬುಡಲ್ಲ. ಮಿಕ್ಕ ಅರ್ಧದಲ್ಲಿ ಕೆಲ್ಸ ಮಾಡೋನೇ ನಂಗೆ ಬೇಕಾಗಿರೋನು."

ಪರೀಕ್ಷೆ ಹೇಗೆಂದರೆ, ಪೂರಾ ಉಡುಪಿನಲ್ಲಿ ಮಾಸ್ಕು ಹಾಕಿಕೊಂಡು, ಸುತ್ತಿದ ಪೈಪು ಹೆಗಲ ಮೇಲಿಟ್ಟು ಗೋದಾಮಿನ ಕಬ್ಬಿಣದ ಮೆಟ್ಟಿಲನ್ನು ಮೂರು ಸಲ ಹತ್ತಿ ಇಳಿಯಬೇಕು. ಆಮೇಲೆ ಹೊಗೆ ತುಂಬಿಸಿದ ಓಣಿಯಲ್ಲಿ, ಬೇಲುಗಳ ಸಾಲಿನ ನಡುವೆ, ತೆವಳಿಕೊಂಡು ಆಚೆ ಹೋಗಬೇಕು. ಕೊನೆಗೆ ಅಲ್ಲಿ ಬಿದ್ದಿರುವ ಅರವತ್ತು ಕೆಜಿಯ ಮರಳು ತುಂಬಿದ ಬೊಂಬೆಯನ್ನು ಬಾಗಿಲಾಚೆಗೆ ಎಳೆದು ತರಬೇಕು. ಸಿಲಿಂಡರಿನ ಗಾಳಿ ಮುಗಿಯುತ್ತಾ ಬಂದರೆ ಅದರಲ್ಲೇ ಸೀಟಿ ಹೊಡೆಯುತ್ತದೆ. ಬಾಗಿಲು ದಾಟುವ ಮೊದಲು ಸೀಟಿ ಬಂತೋ, ಫೇಲು.

ಏನೇ ಮಾಡಿದರೂ ಅಲುಗದೆ ಬಿದ್ದಿರುತ್ತದೆಂದು ಗ್ರೇಡಿಂಗ್ ಹೆಂಗಸರು ಆ ಬೊಂಬೆಗೆ ಸ್ವಾಮಿ ಮೇಸ್ತ್ರಿ ಎಂದು ಹೆಸರಿಟ್ಟರು.

ಎರಡು ವಾರ ಕಲಿಸಿ ಪರೀಕ್ಷೆ ಇಟ್ಟರು. ಇಬ್ಬರು ಪಾಸಾದರು. ಮೂವರು ಅರ್ಧಕ್ಕೇ ಮಾಸ್ಕು ಕಿತ್ತೊಗೆದು, ಈ ಕೆಲಸವೇ ಬೇಡವೆಂದು ಹೋದರು. ಕಾಂತರಾಜ ಬಿರುಗಾಳಿಯ ಹಾಗೆ ಮೆಟ್ಟಿಲು ಹತ್ತಿಳಿದ, ಬೊಂಬೆಯನ್ನೂ ಕರುವಿನ ಹಾಗೆ ಎಳೆದ, ಆದರೆ ಬಾಗಿಲಿಗೆ ಇನ್ನೂ ಮೂರು ಮಾರು ಇದ್ದಾಗ ಅವನ ಸೀಟಿ ಹೊಡೆಯಿತು. ಅಷ್ಟು ಬಲ ಇದ್ದವನು ಅಷ್ಟೇ ಜೋರಾಗಿ ಉಸಿರನ್ನೂ ಎಳೆದಿದ್ದ.

ನಾನು ಬಾಗಿಲ ತನಕವೂ ಬರಲಿಲ್ಲ. ಮೂರನೇ ಸಲ ಮೆಟ್ಟಿಲು ಇಳಿಯುವಾಗಲೇ ಕೈಬೆರಳು ಜೋಮು ಹಿಡಿದವು. ಓಣಿಯಲ್ಲಿ ತೆವಳುವಾಗ ನೆಲ ತೊಟ್ಟಿಲಿನ ಹಾಗೆ ತೂಗಿತು. ಬೊಂಬೆಯ ಕಂಕುಳಿಗೆ ಕೈ ಹಾಕಿದ್ದು ನೆನಪಿದೆ. ಎಚ್ಚರ ಆದಾಗ ಹೊರಗೆ ಹೊಂಗೆ ಮರದ ಕೆಳಗೆ ಮಲಗಿದ್ದೆ, ಕೋಟು ಬಿಚ್ಚಿದ್ದರು, ಚಿಕ್ಕಬಸಮ್ಮ ಒದ್ದೆ ಸೆರಗಿನಲ್ಲಿ ಕುತ್ತಿಗೆ ಒರೆಸುತ್ತಿದ್ದಳು.

ಸ್ವಲ್ಪ ಹೊತ್ತು ಬಿಟ್ಟು, ನಾನು ಎದ್ದು ನಿಲ್ಲುವಂತಾದ ಮೇಲೆ, ಕರಿಯಪ್ಪನವರು ನಮ್ಮನ್ನೆಲ್ಲ ಮತ್ತೆ ತಕ್ಕಡಿಗೆ ಹತ್ತಿಸಿದರು. ಪರೀಕ್ಷೆಗೆ ಮುಂಚೆಯೂ ತೂಗಿದ್ದರು. ಎಷ್ಟು ತೂಕ ಇಳಿದಿದೆಯೋ ಅಷ್ಟು ಬೆವರು ಹೋಗಿದೆ ಎಂಬ ಲೆಕ್ಕ. ಕಾಂತರಾಜ ಒಂದು ಕೆಜಿ ನೂರು ಗ್ರಾಂ ಇಳಿದಿದ್ದ. ನಾನು ಇನ್ನೂರೈವತ್ತು ಗ್ರಾಂ.

ಸ್ವಾಮಿ ಮೇಸ್ತ್ರಿಗೆ ಹಬ್ಬವಾಯಿತು. "ನೋಡ್ರಪ್ಪಾ, ಆ ಹುಡ್ಗ ಕೆಜಿಗಟ್ಲೆ ಬೆವರು ಸುರ್ಸವ್ನೆ. ಈಯಮ್ಮ ಬೆವರೋ ಮುಂಚೇನೇ ಮಲೀಕಂಬುಟ್ಳು! ಒಳ್ಳೆ ಮೈಗಳ್ತನ ಕಣವ್ವಾ."

ಗಂಡಸರು ನಕ್ಕರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಕರಿಯಪ್ಪನವರು ಮಾತ್ರ ನಗಲಿಲ್ಲ. ತಕ್ಕಡಿಯ ಮುಳ್ಳನ್ನೇ ನೋಡುತ್ತಾ ನಿಂತಿದ್ದು, "ಬೆಳಿಗ್ಗಿಂದ ಎಷ್ಟು ನೀರು ಕುಡ್ದಿದ್ದೀಯವ್ವಾ?" ಎಂದು ಕೇಳಿದರು.

ನಾನು ತಕ್ಕಡಿಯಿಂದ ಇಳಿಯಲು ನೋಡಿದೆ.

"ಕೇಳಿದ್ದಕ್ಕೆ ಹೇಳು. ಒಂದು ಚೊಂಬು? ಎರಡು?"

ಅಷ್ಟು ಜನ ಗಂಡಸರ ಮುಂದೆ ಏನೆಂದು ಹೇಳಲಿ? ಹೇಳಿದವಳು ಚಿಕ್ಕಬಸಮ್ಮ. "ನೀರಾ? ನಾವ್ಯಾರೂ ಕುಡಿಯಲ್ಲ ಸಾ. ಬೆಳಿಗ್ಗೆ ಮನೇಲಿ ಕುಡಿದ್ ಅರ್ಧ ಲೋಟ ಕಾಪಿ, ಆಮೇಲೆ ಮದ್ಯಾನ ಊಟಕ್ಕೇಯ. ಕಕ್ಕಸು ಇರೋದು ಆ ಗೇಟ್ತಾವ. ಓಗಿ ಬರಕ್ಕೆ ಕಾಲು ಗಂಟೆ. ಎರಡ್ ಸಲ ಎದ್ರೆ ಈ ಮೇಸ್ತ್ರಿ, ಎಲ್ಗೋದೆ, ಯಾಕೋದೆ, ಏನ್ ಮಾಡ್ದೆ ಅಂತ ಹಾಲ್ ತುಂಬಾ ಕೇಳ್ತರೆ. ಏನೂಂತ ಏಳದು? ಅದಕ್ಕೆ ಕುಡಿಯದೇ ಬುಟ್ಬುಟ್ಟವಿ. ಇಪ್ಪತ್ತೊರ್ಸ ಆಯ್ತು, ಅಭ್ಯಾಸ ಆಗೋಗದೆ."

ಸ್ವಾಮಿ ಮೇಸ್ತ್ರಿ ಮಾಡಿನ ತಗಡುಗಳನ್ನು ಎಣಿಸತೊಡಗಿದರು.

ಆವತ್ತು ನಾನು ಇನ್ನೂ ಹೆಚ್ಚು ಮಾಡಿದ್ದೆ. ಆ ಪ್ಯಾಂಟು ಬಿಚ್ಚಿ ಹಾಕುವ ಪಾಡು ಯಾರಿಗೆ ಬೇಕೆಂದು ಬೆಳಗಿನ ಕಾಫಿಯನ್ನೂ ಬಿಟ್ಟು ಬಂದಿದ್ದೆ. ಅದನ್ನು ಕೇಳಿ ಕರಿಯಪ್ಪನವರು ಹಣೆ ಚಚ್ಚಿಕೊಂಡರು.

"ಬೆವರಿಲ್ಲ ಅಂದ್ರೆ ಮೈಗಳ್ತನ ಅಲ್ಲ ಕಣ್ರಯ್ಯಾ, ಬೆವರಕ್ಕೆ ಒಳಗೆ ನೀರೇ ಇರ್ನಿಲ್ಲ. ನೀರಿಲ್ದೆ ಇರೋ ರೇಡಿಯೇಟ್ರು ಗಾಡಿ ಈ ಹುಡುಗಿ. ಅಂತಾದ್ರಲ್ಲಿ ಬೊಂಬೆ ತಾವ್ಗಂಟ ಬಂದವ್ಳೆ. ನೀವು ಬಂದಿರ್ತಿದ್ರಾ?" ಆಮೇಲೆ ನನ್ನ ಕಡೆ ತಿರುಗಿ, "ಇನ್ನೆರಡು ಜಾಗ ಅದೆ. ಹನ್ನೆರಡು ದಿನಕ್ಕೆ ಇನ್ನೊಂದು ಪರೀಕ್ಷೆ. ಕಾಂತರಾಜಂಗೂ ನಿಂಗೂ. ಅದೇ ಕೊನೇದು. ದಿನಾ ನಾಕು ಲೀಟ್ರು ನೀರು ಕುಡೀಬೇಕು, ಮದ್ಯಾನ ಇಪ್ಪತ್ತು ನಿಮಿಷ ಕೋಟು ಹಾಕ್ಕಂಡು ನಡೀಬೇಕು. ಸೆಕೆ ಅಂದ್ರೇನು ಅಂತ ಮೈಗೂ ಕಲಿಸ್ಬೇಕು, ಅದೂ ಮಗು ಇದ್ದಂಗೆ, ಒಂದಿನಕ್ಕೆ ಕಲಿಯಲ್ಲ."

ಮಾರನೇ ದಿನ ನನ್ನ ಮೇಜಿನ ಮೇಲೆ ಎರಡು ಲೀಟರಿನ ಬಾಟಲಿ ಇಟ್ಟುಕೊಂಡೆ. ಮೊದಲ ಗುಟುಕು ಕುಡಿಯುವಾಗ ಕಳ್ಳತನ ಮಾಡಿದ ಹಾಗಿತ್ತು. ಹತ್ತು ಗಂಟೆಗೆ ಎದ್ದು ಗೇಟಿನ ಕಡೆ ಹೊರಟೆ. ಹಾಲಿನ ಎಲ್ಲ ಕಣ್ಣೂ ನನ್ನ ಬೆನ್ನ ಮೇಲೆ. ಹನ್ನೊಂದಕ್ಕೆ ಮತ್ತೆ ಎದ್ದೆ. ಸ್ವಾಮಿ ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಚಿಕ್ಕಬಸಮ್ಮನೂ ಎದ್ದಳು.

"ನೀನೆಲ್ಲಿಗಮ್ಮಾ?"

"ಅವ್ಳು ಓದಲ್ಲಿಗೇಯ."

"ನೀನೂ ಬೆಂಕಿ ತಂಡಕ್ಕೆ ಸೇರ್ಕಂಡಾ?"

"ಇಲ್ಲ ಮೇಸ್ತ್ರಿ, ನಾನು ನೀರಿನ ತಂಡ." ಬೆಳಿಗ್ಗೆಯಿಂದ ಅವಳೂ ಒಂದು ಬಾಟಲಿ ಖಾಲಿ ಮಾಡಿದ್ದಳು. ನನ್ನೊಬ್ಬಳನ್ನೇ ಎದ್ದು ಹೋಗಲು ಬಿಟ್ಟರೆ ನನ್ನನ್ನು ನಾಚಿಸಿಯೇ ಸಾಯಿಸುತ್ತಾರೆಂದು ಅವಳಿಗೆ ಗೊತ್ತಿತ್ತು. ವಾರ ಕಳೆಯುವಷ್ಟರಲ್ಲಿ ಇಪ್ಪತ್ತೆಂಟು ಮೇಜಿನ ಮೇಲೂ ಬಾಟಲಿ ಬಂದವು. ಸರದಿಯ ಮೇಲೆ ಏಳುತ್ತಿದ್ದರು, ಸರದಿಯ ಮೇಲೆ ಬರುತ್ತಿದ್ದರು. ಇಪ್ಪತ್ತೆಂಟು ಜನರನ್ನು ಎಲ್ಲಿಗೆ ಹೋದೆ ಎಂದು ಕೇಳುವಷ್ಟು ಬಾಯಿ ಮೇಸ್ತ್ರಿಗೂ ಇರಲಿಲ್ಲ. ಸಂಜೆ ಬರುತ್ತಿದ್ದ ತಲೆನೋವು ಹೋಯಿತೆಂದು ನಾಲ್ಕೈದು ಜನ ಹೇಳಿದರು. ಇಷ್ಟು ವರ್ಷ ಅದು ಎಲೆಯ ಘಾಟಿನಿಂದ ಎಂದುಕೊಂಡಿದ್ದೆವು.

ಆದರೆ ನೀರೊಂದೇ ಸಾಲಲಿಲ್ಲ. ಮಧ್ಯಾಹ್ನ ಕೋಟು, ಮಾಸ್ಕು ಹಾಕಿ ನಡೆದರೆ ಸಿಲಿಂಡರಿನ ಗಾಳಿ ಬೇಗ ಮುಗಿಯುತ್ತಿತ್ತು. ಐದನೇ ದಿನವೂ ಮೆಟ್ಟಿಲು ಎರಡು ಸಲ ಹತ್ತುವಷ್ಟರಲ್ಲಿ ಎದೆ ಬಾಯಿಗೆ ಬರುತ್ತಿತ್ತು. ಆವತ್ತು ಮನೆಗೆ ಬಂದು ಗೋಡೆಗೆ ಒರಗಿ ಕೂತವಳು ಏಳಲೇ ಇಲ್ಲ. ಅತ್ತೆ ಮರಮ್ಮ ರಾಗಿ ಬೀಸುವ ಕಲ್ಲಿನ ಪಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಹೆಚ್ಚು ಮಾತಿನವಳಲ್ಲ.

"ಎಂಗೆ ಅತ್ತೀಯೆ ಮೆಟ್ಲ?" ಎಂದು ಕೇಳಿದಳು.

"ಆದಷ್ಟು ಬಿರ್ರನೆ ಅತ್ತಿ ಇಳೀತೀನತ್ತೆ. ಬೇಗ ಮುಗಿದ್ರೆ ಬೇಗ ಬಿಚ್ಬೋದಲ್ಲ."

ಅತ್ತೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. "ಬ್ಯಾರನ್ನಲ್ಲಿ ಸೊಪ್ಪು ಬೇಯ್ತಾ ಇದ್ದಾಗ ಒಂದೊಂದ್ ಸಲ ಎಲೆ ಕಟ್ಟಿದ ಕಡ್ಡಿ ಜಾರಿ ಬೆಂಕಿ ಪೈಪಿನ ಮೇಲೆ ಬೀಳ್ತಿತ್ತು. ಹಂಗೇ ಬುಟ್ರೆ ಬ್ಯಾರನ್ನೇ ಉರ್ದೋಯ್ತದೆ. ಒದ್ದೆ ಗೋಣಿಚೀಲ ಒದ್ಕಂಡು ಒಳೀಕ್ ಓಗಿ ಕಡ್ಡಿ ಎತ್ಕಬರ್ಬೇಕು. ಗೌಡ್ರ ಮನೇಲಿ ಆ ಕೆಲ್ಸಕ್ಕೆ ನನ್ನೇ ಕರೀತಿದ್ರು. ಯಾಕೇಳು?"

"ಧೈರ್ಯ ಅಂತ."

"ಧೈರ್ಯ ಎಲ್ಲಿಂದ ಬತ್ತು? ನಾನು ಓಡ್ತಿರ್ನಿಲ್ಲ ಅಂತ. ಓಡಿದವ್ರು ಒಳಗೇ ಬೀಳ್ತಿದ್ರು. ಬಾಯ್ ಮುಚ್ಚು. ಮೂರೆಜ್ಜೆಗೆ ಉಸ್ರು ಎಳ್ಕೊ, ಮೂರೆಜ್ಜೆಗೆ ಬುಡು. ಎಜ್ಜೆ ಮುಂದೆ ಓದ್ರೂ ಉಸ್ರು ಹಿಂದೆ ಉಳೀಬಾರ್ದು. ಸೆಕೆ ಅಟ್ಟಿಸ್ಕ ಬತ್ತದೆ, ನೀನು ಓಡ್ಬೇಡ. ಓಡಿದ್ರೆ ಅದ್ಕೆ ಖುಷಿ."

ಮದುವೆಯಾಗಿ ಹತ್ತು ವರ್ಷವಾಗಿತ್ತು. ಅತ್ತೆ ಉರಿಯುವ ಬ್ಯಾರನ್ನಿನ ಒಳಗೆ ಹೋಗಿ ಬರುತ್ತಿದ್ದಳೆಂದು ನನಗೆ ಗೊತ್ತಾದದ್ದು ಆಗಲೇ. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಿದೆ. "ನೀನು ಇಷ್ಟ್ ದಿನ ಕೇಳಿದ್ದು ಉಪ್ಪೆಲ್ಲಿ, ಉಣ್ಸೆಹಣ್ಣೆಲ್ಲಿ ಅಂತ ತಾನೆ," ಎಂದು ಮತ್ತೆ ಕಾಯಿ ಸುಲಿಯತೊಡಗಿದಳು.

ಮಾರನೇ ದಿನದಿಂದ ಹೆಜ್ಜೆ ಎಣಿಸಲು ಶುರುಮಾಡಿದೆ. ಮೂರಕ್ಕೆ ಒಳಗೆ, ಮೂರಕ್ಕೆ ಹೊರಗೆ. ಕಾಂತರಾಜ ಪಕ್ಕದಲ್ಲೇ ಹಾರಿ ಹೋಗುತ್ತಾ, "ಅಕ್ಕಾ, ಇದು ಬೆಂಕಿ ಆರ್ಸೋದಾ, ಹೆಣ್ಣು ಒಪ್ಸೋದಾ? ಇಂಗೆ ನಡುದ್ರೆ ಗೋದಾಮು ಉರಿದು ತಣ್ಗಾಗಿರ್ತದೆ," ಎನ್ನುತ್ತಿದ್ದ. ನಾನು ಉತ್ತರ ಕೊಡುತ್ತಿರಲಿಲ್ಲ. ಮಾತಿಗೂ ಗಾಳಿ ಬೇಕು.

ಪರೀಕ್ಷೆಯ ದಿನ ಹನ್ನೊಂದು ಗಂಟೆಗೇ ತಗಡಿನ ಮಾಡು ಕಾದು ಚಟಪಟ ಎನ್ನುತ್ತಿತ್ತು. ಗ್ರೇಡಿಂಗಿನ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಮೇಸ್ತ್ರಿ ತಡೆಯಲಿಲ್ಲ. ನಮ್ಮಿಬ್ಬರ ಸಿಲಿಂಡರಿನ ಮೀಟರೂ ಗಾಳಿ ಮುನ್ನೂರು ಎಂದು ತೋರಿಸುತ್ತಿತ್ತು. ಐವತ್ತೈದಕ್ಕೆ ಇಳಿದರೆ ಸೀಟಿ. ಕರಿಯಪ್ಪನವರು ಕೈ ಬೀಸಿದರು.

ಕಾಂತರಾಜ ಹಾರಿದ. ನಾನು ನಡೆದೆ.

ಮೊದಲ ಸಲ ಹತ್ತಿ ಇಳಿಯುವಾಗ ಅವನು ಆಗಲೇ ಎರಡನೇ ಸಲ ಹತ್ತುತ್ತಿದ್ದ. ಹೆಗಲ ಮೇಲಿನ ಪೈಪು ಕತ್ತಿನ ಸಂದಿಗೆ ಒತ್ತುತ್ತಿತ್ತು. ಎರಡನೇ ಸಲಕ್ಕೆ ಬೆವರು ಹುಬ್ಬು ದಾಟಿ ಕಣ್ಣಿಗೆ ಇಳಿಯಿತು. ಮಾಸ್ಕಿನೊಳಗೆ ಕೈ ಹೋಗುವುದಿಲ್ಲ, ಒರೆಸುವಂತಿಲ್ಲ. ಉಪ್ಪುನೀರು ಕಣ್ಣು ಕೊರೆಯುತ್ತಿದ್ದರೂ ಒಳಗೊಳಗೇ ಒಂದು ಸಮಾಧಾನ: ಬೆವರುತ್ತಿದ್ದೇನೆ, ಮೈ ಕೆಲಸ ಮಾಡುತ್ತಿದೆ. ಮೂರನೇ ಸಲ ತೊಡೆಗಳು ಕಲ್ಲಾದವು. ಕಾಲೆತ್ತಿದರೆ ಬೂಟಿನ ಜೊತೆ ಇಡೀ ಮೆಟ್ಟಿಲೇ ಎದ್ದು ಬಂದ ಹಾಗೆ. ಎದೆ ಕಿವಿಯಲ್ಲಿ ಬಡಿಯುತ್ತಿತ್ತು. ಓಡು, ಬೇಗ ಮುಗಿಸು, ಬಿಚ್ಚು ಎಂದು ಮೈಯೆಲ್ಲ ಅರಚುತ್ತಿತ್ತು. ನಾನು ಇನ್ನೂ ನಿಧಾನ ಮಾಡಿದೆ. ಒಂದು, ಎರಡು, ಮೂರು. ಒಂದು, ಎರಡು, ಮೂರು.

ಓಣಿಯೊಳಗೆ ಹೊಗೆ, ಏನೂ ಕಾಣದು. ಎಡಗೈ ಬೇಲಿನ ಗೋಣಿಗೆ ತಾಗಿಸಿಕೊಂಡು ಮೊಣಕೈಯ ಮೇಲೆ ಸರಿದೆ. ಅಲ್ಲಿ ಸೆಕೆ ಕೋಟಿನೊಳಗಿಂದಲೇ ಹುಟ್ಟಿ ಬರುತ್ತಿತ್ತು, ಮುಚ್ಚಿದ ಪಾತ್ರೆಯಲ್ಲಿ ಬೇಯುತ್ತಿರುವ ಹಾಗೆ. ಅರ್ಧ ದಾರಿಯಲ್ಲಿ ಕೈ ಒಂದು ಕ್ಷಣ ಸೋತಿತು. ಅಲ್ಲೇ ತಲೆ ಇಳಿಸಿ, ಮೂರು ಉಸಿರು ಎಳೆದು ಬಿಟ್ಟೆ. ಕೈ ಮತ್ತೆ ನನ್ನದಾಯಿತು.

ಓಣಿಯಿಂದ ಆಚೆ ಬಂದಾಗ ನಮ್ಮಿಬ್ಬರಿಗೆಂದು ಇಟ್ಟಿದ್ದ ಎರಡು ಬೊಂಬೆಗಳೂ ಕಂಡವು. ಕಾಂತರಾಜ ತನ್ನದನ್ನು ಅರ್ಧ ದೂರ ಎಳೆದಾಗಿತ್ತು. ನಾನು ನನ್ನದರ ಬೆನ್ನ ಹಿಂದೆ ಕೂತು, ಎರಡೂ ಕಂಕುಳಲ್ಲಿ ಕೈ ಸೇರಿಸಿ ಎದೆಯ ಮೇಲೆ ಗಂಟು ಹಾಕಿ, ಸೊಂಟದಿಂದ ಎದ್ದೆ.

"ಎಳಿಯಮ್ಮಿ, ಸ್ವಾಮೀನ ಎಳಿ!" ಎಂದು ಬಾಗಿಲಿನಿಂದ ಚಿಕ್ಕಬಸಮ್ಮ ಕೂಗಿದಳು.

"ಬುಡ್ಬೇಡ ಮೇಸ್ತ್ರೀನ! ದರದರ ಎಳಿ!" ಇಪ್ಪತ್ತಾರು ಗಂಟಲು ಸೇರಿಕೊಂಡವು. ನಿಜವಾದ ಮೇಸ್ತ್ರಿ ಅವರ ನಡುವೆಯೇ ನಿಂತಿದ್ದರು, ಎಲ್ಲಿ ನೋಡಬೇಕೆಂದು ತಿಳಿಯದೆ.

ಹಿಂದೆ ಹಿಂದೆ ಹೆಜ್ಜೆ ಇಟ್ಟೆ. ಮೂರು ಹೆಜ್ಜೆ, ಒಂದು ಉಸಿರು. ಹೆಂಗಸರ ಕೂಗಿನ ಮೇಲಿಂದ ಕೀಂ ಎಂದು ಸೀಟಿ ಕೇಳಿತು. ನನ್ನದೇ ಎಂದುಕೊಂಡೆ. ಬೆನ್ನ ಮೇಲಿನ ಸಿಲಿಂಡರು ಅದುರುತ್ತಿದೆಯೇ ಎಂದು ನೋಡಿಕೊಂಡೆ. ಇಲ್ಲ. ಪಕ್ಕದಲ್ಲಿ ಕಾಂತರಾಜ ಬೊಂಬೆ ಬಿಟ್ಟು ಮೊಣಕಾಲೂರಿದ. ಬಾಗಿಲು ಅವನಿಂದ ಒಂದೇ ಮಾರು ದೂರವಿತ್ತು. ಅವನನ್ನು ದಾಟುವಾಗಲೂ ನನ್ನ ಹೆಜ್ಜೆ ಜೋರಾಗಲಿಲ್ಲ. ಆಸೆ ಆಗಲಿಲ್ಲವೆಂದಲ್ಲ, ಆಯಿತು. ಎಣಿಕೆ ಬಿಡಲಿಲ್ಲ.

ಹಿಮ್ಮಡಿಗೆ ಹೊಸ್ತಿಲು ತಾಗಿತು. ದಾಟಿದೆ. ಬೊಂಬೆಯ ಕಾಲೂ ದಾಟಿತು.

ಕರಿಯಪ್ಪನವರು ಓಡಿ ಬಂದು ನನ್ನ ಹೆಗಲ ಮೇಲಿನ ಮೀಟರು ಹಿಡಿದು ನೋಡಿದರು. "ಎಂಬತ್ತೆಂಟು!" ಎಂದು ಕೂಗಿದರು. "ಇನ್ನೂ ಎಂಬತ್ತೆಂಟು ಉಳ್ಸವ್ಳೆ ಕಣ್ರಯ್ಯಾ! ಮೂವತ್ತೊರ್ಸ ಈ ಕೆಲ್ಸ ಮಾಡಿದ ನಾನೂ ಇಷ್ಟು ಉಳ್ಸಿರ್ನಿಲ್ಲ!"

ಹೆಂಗಸರೆಲ್ಲ ನನ್ನ ಮೇಲೆ ಬಿದ್ದರು. ಯಾರೋ ಮಾಸ್ಕು ಕಿತ್ತರು, ಯಾರೋ ಹೆಲ್ಮೆಟ್ಟು. ಬೂಟು ಎಳೆದು ಬೋರಲು ಹಾಕಿದರೆ ಬೆವರು ಚೆಲ್ಲಿ ಸಿಮೆಂಟಿನ ಮೇಲೆ ಹರಿಯಿತು. ಚಿಕ್ಕಬಸಮ್ಮ ಅದನ್ನು ತೋರಿಸಿ, "ಮೇಸ್ತ್ರಿ, ಬನ್ನಿ ಇಲ್ಲಿ! ಮೈಗಳ್ತನ ಎಂಗೆ ಅರೀತಾ ಅದೆ ನೋಡಿ!" ಎಂದಳು. ಸ್ವಾಮಿ ಮೇಸ್ತ್ರಿ ಬಂದರು. ಮಜ್ಜಿಗೆಯ ಲೋಟ ಹಿಡಿದಿದ್ದರು, ನನ್ನ ಕೈಗೆ ಕೊಟ್ಟರು.

ಕಾಂತರಾಜ ಗೋಡೆಗೆ ಒರಗಿ ಕೂತಿದ್ದ. ಉಪ್ಪು ಹಾಕಿದ ಅರ್ಧ ಮಜ್ಜಿಗೆಯನ್ನು ಅವನ ಲೋಟಕ್ಕೆ ಬಗ್ಗಿಸಿದೆ.

"ಎಂಗಕ್ಕಾ?" ಎಂದ. ತಮಾಷೆ ಇರಲಿಲ್ಲ.

"ನಿನ್ನ ಬಲ ಕಮ್ಮಿಯಾಗಿಲ್ಲ ಕಣಪ್ಪಾ. ಆತ್ರ ಎಚ್ಚಾಯ್ತು. ನಾಲ್ಕನೇ ಜಾಗ ಇನ್ನೂ ಖಾಲಿ ಅದೆ. ಕರಿಯಪ್ಪನೋರ್ನ ಕೇಳ್ತೀನಿ, ಇನ್ನೊಂದ್ ಸಲ ಕೊಡಿ ಅಂತ. ನಾಳೆಯಿಂದ ನನ್ನ ಜೊತೆ ನಡಿ. ಮುಂದೆ ಓದ್ರೆ ಮಾತ್ರ ಬಯ್ತೀನಿ."

ಆಫೀಸಿನಲ್ಲಿ ಸಹಿ ಮಾಡಿ ಬರುವಾಗ ಕೊಡಗಿನ ತೋಟದ ಲೆಕ್ಕ ಬರೆಯುವ ರೈಟರ್‌ಗೆ ಫೋನು ಮಾಡಿದೆ. ಕೇರಳದ ಕಡೆಯವರು, ನಮಗೆಲ್ಲ ಚೇಟಾ, ಅಂದರೆ ಅಣ್ಣ; ಕನ್ನಡವನ್ನು ಎಳೆದು ಎಳೆದು ಆಡುತ್ತಾರೆ.

"ಹಾ, ಸಂಘಮಿತ್ರಾ. ಬರುವ ತಿಂಗಳು ಜೀಪು ಕಳಿಸುವಾ. ಎಷ್ಟು ಜನ ಉಂಟು?"

"ಹತ್ತು ಜನ ಬತ್ತಾರೆ ಚೇಟಾ. ನಾನು ಬರಲ್ಲ."

"ಅಯ್ಯೋ, ಎಂತ ಆಯ್ತು? ಮೈ ಹುಷಾರಿಲ್ಲವಾ?"

ಹೆಗಲಲ್ಲಿ ಪಟ್ಟಿಯ ಬರೆ ಎದ್ದಿತ್ತು, ಕೂದಲಿನಿಂದ ಇನ್ನೂ ನೀರು ಇಳಿಯುತ್ತಿತ್ತು.

"ಹುಷಾರಾಗಿದ್ದೀನಿ ಚೇಟಾ," ಎಂದೆ. "ಇಲ್ಲೇ ಕೆಲ್ಸ ಸಿಕ್ತು. ವರ್ಷ ಪೂರ್ತಿ. ನನ್ನ ಲೈನ್‌ಮನೆ ಬೇರೆ ಯಾರ್ಗಾದ್ರೂ ಕೊಟ್ಬುಡಿ."

ಗೋದಾಮಿನ ಬಾಗಿಲಿನಿಂದ ಕರಿಯಪ್ಪನವರು ಕೂಗಿದರು: "ಮಿತ್ರಾ, ಫೋನ್ ಆಮೇಲೆ ಮಾಡೀವಂತೆ. ಕೋಟು ತಿರುವಿ ತಂತಿ ಮೇಲೆ ಒಣಗಾಕು. ನಾಳೆ ಎಂಟು ಗಂಟೆಗೆ ಡ್ಯೂಟಿ!"

"ಬಂದೆ ಸಾ," ಎಂದು ಕೂಗಿ ಹೇಳಿ, ಕೋಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಿಸಿಲಿಗೆ ನಡೆದೆ.